ದಾರಿಯ ದೂರ, ಹೊತ್ತಿನ ದೂರ

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಓದಿದ ಕೆಲವರು, ಇದು ಸಾಂಸ್ಕೃತಿಕ ವೇದಿಕೆಗೆ ತಕ್ಕುದೇ ಎಂದು ನನ್ನನ್ನು ಕೇಳಿದ್ದುಂಟು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೂ ನಡುವೆ ಎಷ್ಟು ದೂರ, ಆ ದೂರವನ್ನು ಕ್ರಮಿಸಲು ಎಷ್ಟು ಹೊತ್ತು ಬೇಕು ಎಂಬುದು ಟಿಕೆಟು ಮಾರುವವರ ಪ್ರಶ್ನೆಯಲ್ಲವೇ ಎಂಬುದು ಅವರ ಆಕ್ಷೇಪ. ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರಲ್ಲಿ ಅನೇಕ ವರ್ಷ ಭೂಗೋಳ ಕಲಿಸಿದವನು ನಾನು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಪಾಠಕ್ಕೆ ಬರುತ್ತಿದ್ದ ಹುಡುಗರು ನಕ್ಷೆಯಲ್ಲಿ ಮೊದಲು ಹುಡುಕುತ್ತಿದ್ದುದು ತಮ್ಮ ಊರನ್ನು. ಆಮೇಲೆ ಅವರು ಕೇಳುತ್ತಿದ್ದ ಪ್ರಶ್ನೆ, ಇಲ್ಲಿಂದ ಅಲ್ಲಿಗೆ ಎಷ್ಟು ದೂರ ಎಂಬುದು. ಊರು ಬಿಟ್ಟವನ ಮೊದಲ ಪ್ರಶ್ನೆಯೇ ಅದು. ಹೊರನಾಡಿನಲ್ಲಿ ನೆಲೆಸಿದ ನಮಗೆ ಅದಕ್ಕಿಂತ ಸಾಂಸ್ಕೃತಿಕವಾದ ಪ್ರಶ್ನೆ ಇನ್ನೊಂದಿದೆ ಎಂದು ನನಗೆ ಅನ್ನಿಸುವುದಿಲ್ಲ.

ಆ ಹುಡುಗರ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಕ್ಯಾಲಿಫೋರ್ನಿಯದಲ್ಲಿದ್ದಾರೆ. ಊರು ಬಿಟ್ಟು ಬಂದವರನ್ನು ಈಗ ಮಕ್ಕಳು ಬಿಟ್ಟುಹೋಗಿದ್ದಾರೆ. ಆದುದರಿಂದ ಆ ಹಳೆಯ ಪ್ರಶ್ನೆಯನ್ನು ಹೊಸ ಜೋಡಿ ಊರುಗಳಿಗೆ ಅನ್ವಯಿಸಿ ಮೂರು ಭಾಗವಾಗಿ ಕೇಳೋಣ. ದೂರ ಎಷ್ಟು? ಹೊತ್ತು ಎಷ್ಟು? ಆ ಹೊತ್ತನ್ನು ನಿರ್ಧರಿಸುವವರು ಯಾರು?

ನಮ್ಮ ಹಿರಿಯರು ದೂರವನ್ನು ಅಳೆದ ಬಗೆಯನ್ನು ಮೊದಲು ನೆನೆಯಬೇಕು. ಕನ್ನಡದಲ್ಲಿ ಕೂಗಳತೆ ಎಂಬ ಒಂದು ಚೆಲುವಾದ ಮಾತಿದೆ. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ ಅದು. ಅದಕ್ಕೂ ಮೀರಿದ್ದು ಹರದಾರಿ, ಅಂದರೆ ಸುಮಾರು ಮೂರು ಮೈಲಿ. ಅದಕ್ಕೂ ದೊಡ್ಡದು ಗಾವುದ. ಗಾವುದವನ್ನೂ ಮೀರಿದರೆ ಜನ ಅಳತೆಯನ್ನೇ ಬಿಟ್ಟು, ಎರಡು ಹಗಲಿನ ದಾರಿ, ಒಂದು ರಾತ್ರಿಯ ಗಾಡಿಪ್ರಯಾಣ ಎಂದು ಹೊತ್ತಿನಲ್ಲಿ ಹೇಳುತ್ತಿದ್ದರು. ಇದರಲ್ಲಿ ಅಜ್ಞಾನವೇನೂ ಇರಲಿಲ್ಲ. ನಡೆಯುವವನಿಗೆ ಬೇಕಾದದ್ದು ನೆಲದ ಉದ್ದವಲ್ಲ, ಕತ್ತಲಾಗುವ ಮುನ್ನ ತಲುಪುವೆನೇ ಎಂಬುದು. ಕೂಗಳತೆ ಎಂಬ ಮಾತಿನಲ್ಲಂತೂ ದೂರವನ್ನು ಅಳೆಯುವ ಸಾಧನವೇ ಮನುಷ್ಯನ ದನಿ. ಕರೆದರೆ ಬರುವನೇ ಎಂಬುದೇ ಅಲ್ಲಿನ ಪ್ರಶ್ನೆ. ಈ ಮಾತನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. ಈ ಮೇಜಿನ ಮೇಲೆ ಶಾಲೆಯ ಗೋಳವೊಂದನ್ನೂ ಒಂದು ಮೊಳ ದಾರವನ್ನೂ ತಂದಿಟ್ಟಿದ್ದೇನೆ. ಗೋಡೆಗೆ ತೂಗುಹಾಕುವ ಚಪ್ಪಟೆ ನಕ್ಷೆಯನ್ನು ನೋಡಿ ಬೆಳೆದ ನಮಗೆ, ಭಾರತದಿಂದ ಅಮೆರಿಕಕ್ಕೆ ಹೋಗುವುದೆಂದರೆ ಪಶ್ಚಿಮಕ್ಕೆ ಅರಬರ ನಾಡು, ಯುರೋಪು, ಅಟ್ಲಾಂಟಿಕ್ ದಾಟಿ ಹೋಗುವುದು ಎಂಬ ಭಾವನೆಯಿದೆ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲಿಟ್ಟು, ಮತ್ತೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲಿಟ್ಟು, ಬಿಗಿಯಾಗಿ ಎಳೆದು ನೋಡಿ. ದಾರ ಪಶ್ಚಿಮಕ್ಕೂ ಹೋಗದು, ನೇರ ಪೂರ್ವಕ್ಕೂ ಹೋಗದು. ಉತ್ತರಕ್ಕೆ, ಕೊಂಚ ಪೂರ್ವಕ್ಕೆ ಬಾಗಿ ಹೋಗುತ್ತದೆ. ನೇಪಾಳದ ಹಿಮಾಲಯ, ಟಿಬೆಟ್, ಚೀನಾದ ಸಿಂಕಿಯಾಂಗ್, ಮಂಗೋಲಿಯ ಇವುಗಳ ಮೇಲೆ ಹಾದು, ಸೈಬೀರಿಯವನ್ನು ಕರ್ಣರೇಖೆಯಾಗಿ ದಾಟಿ, ಆರ್ಕ್ಟಿಕ್ ತೀರದಲ್ಲಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಗೋಳದ ಮೇಲೆ ಎರಡು ಬಿಂದುಗಳ ನಡುವಣ ಅತಿ ಕಿರಿದಾದ ದಾರಿ ಇದೇ. ಇದರ ಉದ್ದ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಎಂಬುದನ್ನು ನೆನೆದರೆ, ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಭೂಮಿಯ ಮೇಲಿನ ಯಾವ ಎರಡು ಊರುಗಳೂ 20,000 ಕಿಲೋಮೀಟರಿಗಿಂತ ದೂರವಿರಲಾರವು. ಆದುದರಿಂದ ನಮ್ಮ ಮಕ್ಕಳು ನಮ್ಮಿಂದ ಇನ್ನೂ ದೂರ ಹೋಗಬೇಕೆಂದರೂ ಭೂಮಿಯಲ್ಲಿ ಉಳಿದಿರುವ ಜಾಗ ಹೆಚ್ಚೇನೂ ಇಲ್ಲ.

ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ಸೇವೆಯನ್ನು ಏರ್ ಇಂಡಿಯಾ ಸಂಸ್ಥೆ ಆರಂಭಿಸಿದ್ದು 2021ರ ಜನವರಿಯಲ್ಲಿ. ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಅಲ್ಲಿನ ಕಾಲಮಾನದಂತೆ ಜನವರಿ 9ರ ರಾತ್ರಿ ಹೊರಟು, ಉತ್ತರ ಧ್ರುವದ ಪ್ರದೇಶವನ್ನು ಹಾದು, ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಬಾನಿನಲ್ಲಿದ್ದದ್ದು ಸುಮಾರು ಹದಿನೇಳು ಗಂಟೆ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು ಎಂಬುದು ಆಗ ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ. ಮುಂದೆ ಆ ಸೇವೆ ನಡುವೆ ನಿಂತು, 2022ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು. ಅತ್ತಣಿಂದಿತ್ತ ಹದಿನೇಳು ಗಂಟೆ, ಇತ್ತಣಿಂದತ್ತ ಹದಿನಾರು ಗಂಟೆ ಎಂಬುದು ಸ್ಥೂಲವಾದ ಲೆಕ್ಕ. 14,000 ಕಿಲೋಮೀಟರನ್ನು ಹದಿನಾರು ಗಂಟೆಗೆ ಹಂಚಿದರೆ ಗಂಟೆಗೆ 875 ಕಿಲೋಮೀಟರ್ ಬರುತ್ತದೆ. ಇದು ದೊಡ್ಡ ಜೆಟ್ ವಿಮಾನದ ಸಹಜವಾದ ವೇಗ. ಲೆಕ್ಕ ಇಲ್ಲಿಗೇ ಮುಗಿಯಿತಲ್ಲ ಎಂದು ತಮಗೆ ಅನ್ನಿಸಬಹುದು. ಕಥೆ ಆರಂಭವಾಗುವುದೇ ಇಲ್ಲಿ, ಏಕೆಂದರೆ ದಾರ ಹಾಕಿಕೊಟ್ಟ ದಾರಿಯಲ್ಲಿ ವಿಮಾನ ಹೋಗುವುದಿಲ್ಲ.

ಮೊದಲ ಅಡ್ಡಿ ನೆಲದ್ದು. ಪ್ರಯಾಣಿಕರಿರುವ ವಿಮಾನದೊಳಗಿನ ಗಾಳಿಯ ಒತ್ತಡ ಯಾವ ಕಾರಣದಿಂದಲಾದರೂ ತಪ್ಪಿದರೆ, ಎಲ್ಲರೂ ಉಸಿರಾಡಬಲ್ಲ ಎತ್ತರಕ್ಕೆ, ಅಂದರೆ ಸುಮಾರು ಮೂರು ಸಾವಿರ ಮೀಟರಿಗೆ, ಪೈಲಟ್ ವಿಮಾನವನ್ನು ಬೇಗನೆ ಇಳಿಸಬೇಕಾಗುತ್ತದೆ. ಟಿಬೆಟಿನ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯಬೇಕೆಂದರೂ ಇಳಿಯಲು ಅಲ್ಲಿ ಆಕಾಶವೇ ಇಲ್ಲ. ಆದುದರಿಂದ ದೂರಪ್ರಯಾಣದ ವಿಮಾನಗಳು ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತವೆ.

ಎರಡನೆಯ ಅಡ್ಡಿ ಭಾರದ್ದು. ಈ ಮಾರ್ಗಕ್ಕೆ ಬಳಸಿದ ಬೋಯಿಂಗ್ 777-200ಎಲ್‌ಆರ್ ವಿಮಾನದ ತೊಟ್ಟಿಗಳಲ್ಲಿ ಸುಮಾರು 1,81,000 ಲೀಟರ್ ಇಂಧನ ಹಿಡಿಸುತ್ತದೆ. ನೆಲ ಬಿಡುವಾಗ ಅದರ ಒಟ್ಟು ಭಾರ 347 ಟನ್‌ವರೆಗೆ ಇರಬಹುದು. ಅದರಲ್ಲಿ ಪ್ರಯಾಣಿಕರ ಭಾರಕ್ಕಿಂತ ಇಂಧನದ ಭಾರವೇ ಬಹಳ ಹೆಚ್ಚು. ಇಂಧನವನ್ನು ಹೊರುವುದಕ್ಕೂ ಇಂಧನ ಬೇಕು. ದೂರ ಹೆಚ್ಚಿದಷ್ಟೂ ಕೊನೆಯ ಒಂದು ಗಂಟೆಯ ಹಾರಾಟಕ್ಕಾಗಿ ಮೊದಲ ಹದಿನೈದು ಗಂಟೆ ಹೊರೆ ಹೊರಬೇಕಾಗುತ್ತದೆ. ಇದರ ಮೇಲೆ ಬೆಂಗಳೂರಿನದೇ ಆದ ಒಂದು ಕಷ್ಟವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ತೆರೆದ, ಈಗ ಕೆಂಪೇಗೌಡರ ಹೆಸರು ಹೊತ್ತಿರುವ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ನಾವು ಕೊಂಡಾಡುವ ಬೆಂಗಳೂರಿನ ತಂಪು ಹವೆಗೆ ಈ ಎತ್ತರವೇ ಕಾರಣ. ಆದರೆ ಎತ್ತರದ ಗಾಳಿ ತೆಳುವಾದುದು. ತೆಳುಗಾಳಿಯಲ್ಲಿ ಎಂಜಿನ್ನಿನ ಬಲವೂ ಕಡಿಮೆ, ರೆಕ್ಕೆಗೆ ದೊರೆಯುವ ಆಸರೆಯೂ ಕಡಿಮೆ. ಸಮುದ್ರದ ಅಂಚಿನಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊತ್ತೊಯ್ಯಬಹುದಾದಷ್ಟು ಭಾರವನ್ನು ಬೆಂಗಳೂರಿನಿಂದ ಹೊತ್ತು ಏಳುವುದು ಕಷ್ಟ. ತಾಯಿ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ತೂಗುವ ಕಟ್ಟುನಿಟ್ಟಿನ ಹಿಂದೆ ಈ ಭೌತಶಾಸ್ತ್ರವೂ ಇದೆ ಎಂಬುದನ್ನು ತಾಯಂದಿರು ಕ್ಷಮಿಸಬೇಕು.

ಮೂರನೆಯದು ಗಾಳಿ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ, ಭೂಮಿಯನ್ನು ಸುತ್ತಿ ಹರಿಯುವ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಎಂದು ಅವುಗಳ ಹೆಸರು. ಗಂಟೆಗೆ ನೂರೈವತ್ತು ಕಿಲೋಮೀಟರ್ ಅವುಗಳ ಸಾಮಾನ್ಯ ಓಟ. ಚಳಿಗಾಲದಲ್ಲಿ ಇನ್ನೂರು, ಮುನ್ನೂರಕ್ಕೂ ಏರುವುದುಂಟು. ಈ ಹೊಳೆಯಲ್ಲಿ ತೇಲಿದವನಿಗೆ ಲಾಭ, ಎದುರೀಜಿದವನಿಗೆ ನಷ್ಟ. ಇದಕ್ಕೆ ಸೊಗಸಾದ ನಿದರ್ಶನ ನಮ್ಮ ರಾಜಧಾನಿಯಿಂದಲೇ ದೊರೆಯುತ್ತದೆ. 2015ರ ಡಿಸೆಂಬರಿನಲ್ಲಿ ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಹೊರಡಿಸಿದಾಗ ಅದು ಅಟ್ಲಾಂಟಿಕ್ ಮಾರ್ಗವಾಗಿ ಸುಮಾರು 13,900 ಕಿಲೋಮೀಟರ್ ಹಾರುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದೇ ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮಾರ್ಗವಾಗಿ ಕಳಿಸಿದರು. ಆಗ ದಾರಿ ಸುಮಾರು 15,300 ಕಿಲೋಮೀಟರಿಗೆ ಬೆಳೆಯಿತು. ಆದರೆ ಬೆನ್ನಿಗೆ ಗಾಳಿ ದೊರೆತು ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ, ತಲುಪಿತು. ದಾರಿ ಸಾವಿರದ ನಾನೂರು ಕಿಲೋಮೀಟರ್ ಹೆಚ್ಚಿತು, ಹೊತ್ತು ಎರಡು ಗಂಟೆ ಕಡಿಮೆಯಾಯಿತು. ನೇರ ದಾರಿಯೇ ಹತ್ತಿರದ ದಾರಿ ಎಂಬ ಗಾದೆಯಂತಹ ನಂಬಿಕೆ ಆಕಾಶದಲ್ಲಿ ಸುಳ್ಳಾಗುತ್ತದೆ.

ಈ ಗಾಳಿಯ ಸಂಶೋಧನೆಯ ಹಿಂದೆ ಭಾಷಾಭಿಮಾನಿಗಳಾದ ನಾವು ತಿಳಿಯಬೇಕಾದ ಒಂದು ಪ್ರಸಂಗವಿದೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಎಂಬವರು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಈ ಪ್ರಬಲ ಗಾಳಿಯನ್ನು ಅಳೆದರು. ಜಗತ್ತಿಗೆಲ್ಲ ತಿಳಿಯಲಿ ಎಂಬ ಸದಾಶಯದಿಂದ 1926ರಲ್ಲಿ ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದರು. ಎಲ್ಲರ ಭಾಷೆಯಾಗಲೆಂದು ಕಟ್ಟಿದ ಭಾಷೆ ಯಾರ ಮನೆಯ ಭಾಷೆಯೂ ಆಗಿರಲಿಲ್ಲ; ಹೊರಗಿನವರು ಆ ವರದಿಯನ್ನು ಓದಿದ್ದು ತೀರ ಕಡಿಮೆ. 1944ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳ ಪೈಲಟ್‌ಗಳು ತಮ್ಮನ್ನು ಎತ್ತಿ ಎಸೆಯುವ ಗಾಳಿಯನ್ನು ಕಂಡು ಬೆರಗಾದರು. ಹದಿನೆಂಟು ವರ್ಷ ಹಿಂದೆಯೇ ಮುದ್ರಣವಾಗಿದ್ದ ಸಂಗತಿ ಅದು. ಅರಿವು ಒಂದು ಭಾಷೆಯಲ್ಲಿ ಅಚ್ಚಾದರೆ ಸಾಲದು, ಆ ಭಾಷೆಯನ್ನು ಓದುವ ಮನೆಗಳೂ ಇರಬೇಕು. ಹೊರನಾಡಿನಲ್ಲಿ ಕನ್ನಡ ಪತ್ರಿಕೆ ನಡೆಸುವವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ನೆಲ, ಭಾರ, ಗಾಳಿ ಈ ಮೂರೂ ಪ್ರಕೃತಿಗೆ ಸೇರಿದವು. ನಾಲ್ಕನೆಯದು ಮನುಷ್ಯ ನಿರ್ಮಿತ, ಮತ್ತು ಅದೇ ಎಲ್ಲಕ್ಕಿಂತ ಕಠಿಣವಾದುದು. 1944ರ ಡಿಸೆಂಬರಿನಲ್ಲಿ ಚಿಕಾಗೋ ನಗರದಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ವಿಮಾನಯಾನ ಒಡಂಬಡಿಕೆಯ ಮೊದಲನೆಯ ವಿಧಿಯೇ, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಸಂಪೂರ್ಣವೂ ಅನನ್ಯವೂ ಆದ ಸಾರ್ವಭೌಮತ್ವವಿದೆ ಎಂದು ಸಾರುತ್ತದೆ. ಆಕಾಶಕ್ಕೆ ಬೇಲಿಯಿಲ್ಲ ಎಂದು ನಾವು ಭಾವಿಸುತ್ತೇವೆ. ಬೇಲಿಯಿದೆ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟದ ಆಕಾಶ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಯುರೋಪಿನಿಂದ ಜಪಾನಿಗೆ ಹೋಗುವ ವಿಮಾನಗಳು ಅಲಾಸ್ಕದ ಆಂಕರೇಜಿನಲ್ಲಿ ಇಳಿದು ಸುತ್ತಿಕೊಂಡು ಹೋಗುತ್ತಿದ್ದವು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಆ ಬೇಲಿಯೊಳಗೆ ನುಗ್ಗಿದ ಕೊರಿಯನ್ ಏರ್ ಲೈನ್ಸ್‌ನ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿ 269 ಜನ ಪ್ರಾಣ ಕಳೆದುಕೊಂಡರು. ಸೋವಿಯತ್ ಒಕ್ಕೂಟ ಮುರಿದ ಮೇಲೆ 1990ರ ದಶಕದಲ್ಲಿ ಸೈಬೀರಿಯದ, ಧ್ರುವದ ದಾರಿಗಳು ತೆರೆದವು. ಒಂದು ಸಾಮ್ರಾಜ್ಯ ಕುಸಿದುದರಿಂದ ಭೂಗೋಳದ ಊರುಗಳು ಪರಸ್ಪರ ಹತ್ತಿರವಾದವು. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ಯುದ್ಧ ಹೂಡಿದ ಬಳಿಕ ಆ ದಾರಿ ಅಮೆರಿಕದ ಹಾಗೂ ಯುರೋಪಿನ ಬಹುತೇಕ ವಿಮಾನಗಳಿಗೆ ಮತ್ತೆ ಮುಚ್ಚಿತು. ಅಮೆರಿಕದ ಯುನೈಟೆಡ್ ಸಂಸ್ಥೆ ತನ್ನ ಸ್ಯಾನ್ ಫ್ರಾನ್ಸಿಸ್ಕೋ–ದೆಹಲಿ ಸೇವೆಯನ್ನು ಅದೇ ಮಾರ್ಚ್‌ನಲ್ಲಿ ನಿಲ್ಲಿಸಿತು. ಭಾರತದ ವಿಮಾನಗಳಿಗೆ ಮಾತ್ರ ರಷ್ಯಾದ ಆಕಾಶ ತೆರೆದೇ ಉಳಿಯಿತು.

ತೆರೆದ ದಾರಿಯಲ್ಲೂ ಅಪಾಯವಿಲ್ಲದೆ ಇಲ್ಲ. ಎರಡೇ ಎಂಜಿನ್ನಿನ ವಿಮಾನ ಹಾರುವ ದಾರಿಯುದ್ದಕ್ಕೂ, ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಬಲದಿಂದ ನಿಗದಿತ ಸಮಯದೊಳಗೆ ತಲುಪಬಹುದಾದ ನಿಲ್ದಾಣವೊಂದು ಇರಲೇಬೇಕೆಂಬುದು ನಿಯಮ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ನಿನ ತೊಂದರೆಯಿಂದ ರಷ್ಯಾದ ಪೂರ್ವದಂಚಿನ ಮಗಾದಾನ್ ಎಂಬಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಭಾರತದಿಂದ ಬೇರೊಂದು ವಿಮಾನ ಹೋಗಿ ಅವರನ್ನು ಕರೆದೊಯ್ದದ್ದು ಜೂನ್ 8ರಂದು. ಅಲ್ಲಿಯವರೆಗೆ ಮುದುಕರು, ಕೂಸುಗಳು ಸಹಿತ ಅವರೆಲ್ಲ ಭಾಷೆಯೂ ತಿಳಿಯದ, ಊಟವೂ ಒಗ್ಗದ ಊರಿನ ತಾತ್ಕಾಲಿಕ ವಸತಿಗಳಲ್ಲಿ ಕಳೆದರು. ಆ ಪುಟ್ಟ ಊರು ದಾರಿಯಲ್ಲಿ ಇದ್ದುದರಿಂದಲೇ ಅವರು ಉಳಿದರು ಎಂಬುದನ್ನೂ ಹೇಳಬೇಕು. ನಾವು ಹೆಸರನ್ನೂ ಕೇಳಿರದ ಊರುಗಳ ದೀಪದ ಭರವಸೆಯ ಮೇಲೆ ನಮ್ಮ ಮಕ್ಕಳು ರಾತ್ರಿಯಿಡೀ ಹಾರುತ್ತಾರೆ.

ನೆರೆಯವರ ಜಗಳವೂ ಇದೇ ಬಗೆಯದು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್ 24ರಂದು, ಪಹಲ್ಗಾಮಿನ ಹತ್ಯಾಕಾಂಡದ ಬೆನ್ನಿಗೇ, ಅದು ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಭಾರತವೂ ಕೆಲವೇ ದಿನಗಳಲ್ಲಿ ತನ್ನ ಆಕಾಶವನ್ನು ಅವರಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದತ್ತ ಇಳಿದು ಸುತ್ತಿಕೊಂಡು ಹೋಗಬೇಕಾಯಿತು. ಉತ್ತರ ಅಮೆರಿಕಕ್ಕೆ ನೇರ ಹಾರುತ್ತಿದ್ದ ಹಲವು ವಿಮಾನಗಳು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಭೂಮಿ ಒಂದಂಗುಲವೂ ಹಿಗ್ಗಲಿಲ್ಲ. ಆದರೂ ದೂರ ಹೆಚ್ಚಿತು. ಯಾವ ಪಕ್ಷದ ತಪ್ಪು ಎಷ್ಟು ಎಂಬ ವಿಚಾರಣೆಗೆ ನಾನು ಇಲ್ಲಿ ನಿಂತಿಲ್ಲ. ದೂರವೆಂಬುದು ಭೂಗೋಳದ ಪಾಠದಲ್ಲಿ ಮುಗಿಯುವ ಸಂಗತಿಯಲ್ಲ, ಅದು ರಾಜಕಾರಣದ ಪಾಠವೂ ಹೌದು ಎಂಬುದಷ್ಟೇ ನನ್ನ ಪ್ರತಿಪಾದನೆ.

ಇದನ್ನು ಮುಂಬಯಿಯ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗಳೂರು ನಮ್ಮದೇ ಪಶ್ಚಿಮ ಕರಾವಳಿಯಲ್ಲಿದೆ. ಹಕ್ಕಿ ಹಾರುವ ಲೆಕ್ಕದಲ್ಲಿ ಅದು ದೂರದ ಊರೇ ಅಲ್ಲ. ಹೀಗಿದ್ದೂ ಕೊಂಕಣ ರೈಲ್ವೆ ಬರುವ ಮುನ್ನ ರೈಲಿನಲ್ಲಿ ಅಲ್ಲಿಗೆ ಹೋಗಬೇಕಾದವನು ಬಹುದೂರ ಬಳಸಿಕೊಂಡು 2,041 ಕಿಲೋಮೀಟರ್ ಸುತ್ತಬೇಕಿತ್ತು, 41 ಗಂಟೆ ಕೂರಬೇಕಿತ್ತು. ಅದಕ್ಕೇ ನಮ್ಮ ಹಿರಿಯರು ಹಡಗನ್ನೂ ಆಮೇಲೆ ಘಾಟಿಯ ಬಸ್ಸನ್ನೂ ನೆಚ್ಚಿದ್ದು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸ್ ಅವರು ರೈಲ್ವೆ ಮಂತ್ರಿಗಳಾಗಿದ್ದಾಗ ಆ ಯೋಜನೆಗೆ ಜೀವ ಬಂದಿತು, ಇ. ಶ್ರೀಧರನ್ ಅವರು ಅದನ್ನು ಕಟ್ಟಿಸಿದರು. ತೊಂಬತ್ತಕ್ಕೂ ಹೆಚ್ಚು ಸುರಂಗಗಳನ್ನೂ ಸುಮಾರು ಎರಡು ಸಾವಿರ ಸೇತುವೆಗಳನ್ನೂ ಹಾದು 1998ರ ಜನವರಿ 26ರಂದು ಅದು ಪೂರ್ಣವಾಗಿ ತೆರೆದಾಗ, ರೈಲ್ವೆಯ ಲೆಕ್ಕದಂತೆ 2,041 ಕಿಲೋಮೀಟರ್ 914 ಆಯಿತು, 41 ಗಂಟೆ 15 ಆಯಿತು. ಒಂದು ತೀರ್ಮಾನ, ಒಂದು ಮಾರ್ಗ, ಸಾವಿರಾರು ಕೂಲಿಗಳ ಬೆವರು ಸೇರಿ ಮಂಗಳೂರನ್ನು ಮುಂಬಯಿಯ ಹತ್ತಿರಕ್ಕೆ ತಂದವು. ಜಗಳದಿಂದ ದೂರವಾಗುವಂತೆ ದುಡಿಮೆಯಿಂದ ಹತ್ತಿರವೂ ಆಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಗಡಿಯಾರದ ವಿಚಾರ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ಅಂತರವಿದೆ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದವನು ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳಿಯುತ್ತಾನೆ. ಗಡಿಯಾರದ ಪ್ರಕಾರ ಅವನು ಎರಡೂವರೆ ಗಂಟೆಯಲ್ಲಿ ಭೂಮಿಯ ಮೂರನೆಯ ಒಂದು ಭಾಗವನ್ನು ದಾಟಿದ್ದಾನೆ. ಆದರೆ ಹಿಂದಿರುಗುವಾಗ ಕ್ಯಾಲೆಂಡರು ತನ್ನ ಸಾಲವನ್ನು ಬಡ್ಡಿಯಿಲ್ಲದೆ, ಬಿಡದೆ, ವಸೂಲು ಮಾಡುತ್ತದೆ. ಶನಿವಾರ ರಾತ್ರಿ ಅಲ್ಲಿ ಹೊರಟವನು ಸೋಮವಾರ ನಸುಕಿನಲ್ಲಿ ಇಲ್ಲಿ ಇಳಿಯುತ್ತಾನೆ. ಭಾನುವಾರದ ಹಗಲು ಅವನ ಪಾಲಿಗೆ ಮುಗಿಲಿನಲ್ಲಿಯೇ ಕರಗಿರುತ್ತದೆ. ಈ ಲೆಕ್ಕವನ್ನು ನಾನು ತರಗತಿಯಲ್ಲಿ ವಿನೋದವಾಗಿ ಹೇಳುತ್ತಿದ್ದೆ. ಈಗ ಅದು ವಿನೋದವಾಗಿ ಉಳಿದಿಲ್ಲ, ಏಕೆಂದರೆ ದುಃಖದ ಸುದ್ದಿ ಹೋಗುವುದು ಇಲ್ಲಿಂದ ಅಲ್ಲಿಗೆ, ಅದನ್ನು ಕೇಳಿ ಮಗ ಹೊರಡುವುದು ಅಲ್ಲಿಂದ ಇಲ್ಲಿಗೆ. ಹೆಚ್ಚು ಹೊತ್ತು ಹಿಡಿಯುವ ದಿಕ್ಕೇ ತುರ್ತಿನ ದಿಕ್ಕು.

ಮನೆಬಾಗಿಲಿನಿಂದ ಮನೆಬಾಗಿಲಿಗೆ ಲೆಕ್ಕ ಹಾಕಿ ನೋಡೋಣ. ಫೋನು ಬಂದ ಮೇಲೆ ಟಿಕೆಟು ದೊರಕಿಸಿಕೊಳ್ಳಬೇಕು. ನೇರ ವಿಮಾನವನ್ನು ನೆಚ್ಚಿ ಕೂರುವಂತಿಲ್ಲ. ಯುರೋಪಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇಳಿದು ಹತ್ತಿ ಬಂದರೆ ಇಪ್ಪತ್ತೆರಡು, ಇಪ್ಪತ್ತನಾಲ್ಕು ಗಂಟೆ. ಅದಕ್ಕೆ ಮುನ್ನ ನಿಲ್ದಾಣದಲ್ಲಿ ಮೂರು ಗಂಟೆ, ಇಳಿದ ಮೇಲೆ ತಪಾಸಣೆಯ ಸಾಲಿನಲ್ಲಿ ಒಂದು ಗಂಟೆ, ದೇವನಹಳ್ಳಿಯಿಂದ ನಗರದೊಳಕ್ಕೆ ಒಂದೂವರೆ ಗಂಟೆ. ಊರು ಶಿವಮೊಗ್ಗವೋ ಉಡುಪಿಯೋ ಆದರೆ ಇನ್ನೂ ಒಂದು ರಾತ್ರಿ. ಎಲ್ಲವೂ ಸುಸೂತ್ರವಾಗಿ ನಡೆದರೆ ಎರಡು ದಿನ. ಅದರ ಮೇಲೆ ವೀಸಾದ ಚಿಂತೆ. ಒಮ್ಮೆ ಅಮೆರಿಕದಿಂದ ಹೊರಬಂದರೆ ಮತ್ತೆ ಒಳಹೋಗಲು ಇಲ್ಲಿನ ದೂತಾವಾಸದ ಮುದ್ರೆಗಾಗಿ ಎಷ್ಟು ಕಾಲ ಕಾಯಬೇಕೋ ಎಂಬ ಅಳುಕಿನಿಂದ, ತಂದೆಯ ಕಾಯಿಲೆಯ ಸುದ್ದಿ ಕೇಳಿಯೂ ಹೊರಡಲೋ ಬೇಡವೋ ಎಂದು ಒದ್ದಾಡಿದ ಮಕ್ಕಳನ್ನು ನಾನು ಬಲ್ಲೆ. ಅವರನ್ನು ಕೃತಘ್ನರೆಂದು ಕರೆಯುವುದು ಸುಲಭ. ಅದು ನ್ಯಾಯವಲ್ಲ.

2020ನೆಯ ಇಸವಿ ಈ ಲೆಕ್ಕಗಳನ್ನೆಲ್ಲ ಒರೆಸಿಹಾಕಿತು. ಆ ವರ್ಷದ ಮಾರ್ಚ್ 23ರಿಂದ ಭಾರತದ ನಿಯತ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಅವು ಮತ್ತೆ ನಿಯತವಾಗಿ ಹಾರಿದ್ದು 2022ರ ಮಾರ್ಚ್ 27ರಿಂದ. ಮೇ ತಿಂಗಳಲ್ಲಿ ವಂದೇ ಭಾರತ್ ಹೆಸರಿನ ವಿಶೇಷ ವಿಮಾನಗಳು ಆರಂಭವಾಗುವವರೆಗೂ 14,000 ಕಿಲೋಮೀಟರ್ ಎಂಬುದು ಚಂದ್ರನಷ್ಟು ದೂರವಾಗಿತ್ತು. ಆ ಏಪ್ರಿಲಿನಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಪತ್ನಿ ತೀರಿಕೊಂಡರು. ಒಬ್ಬನೇ ಮಗ ಸ್ಯಾನ್ ಹೋಸೆಯಲ್ಲಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ನಾಲ್ಕು ಜನ ನಾವು ಸ್ಮಶಾನದಲ್ಲಿದ್ದೆವು. ನಮ್ಮಲ್ಲೊಬ್ಬರು ದೂರವಾಣಿಯನ್ನು ಎತ್ತಿ ಹಿಡಿದಿದ್ದರು. ಅದರಲ್ಲಿ ಮಗನ ಮುಖ ಕಾಣುತ್ತಿತ್ತು, ಅವನಿಗೆ ಅಲ್ಲಿ ಮಧ್ಯರಾತ್ರಿ. ಅಗ್ನಿ ಕೊಟ್ಟದ್ದು ಪಕ್ಕದ ಮನೆಯ ಮರಾಠಿ ಹುಡುಗ. "ಕಾಕಾ, ಮೀ ಕರತೋ" ಎಂದು ಅವನೇ ಮುಂದೆ ಬಂದ. ಆ ಮುದುಕರು ಅವನ ತಲೆಯ ಮೇಲೆ ಕೈಯಿಟ್ಟರು, ಮಾತಾಡಲಿಲ್ಲ. ಶಾಸ್ತ್ರ ಏನು ಹೇಳುತ್ತದೆಂದು ಅಲ್ಲಿ ಯಾರೂ ಕೇಳಲಿಲ್ಲ. ಕೂಗಳತೆ ಎಂಬ ಮಾತಿನ ಪೂರ್ಣಾರ್ಥ ನನಗೆ ತಿಳಿದದ್ದು ಅಂದು.

ಈಗೆಲ್ಲ ಮುಖ ನೋಡಿಕೊಂಡು ಮಾತಾಡಬಹುದಲ್ಲ, ದೂರವೆಲ್ಲಿ ಉಳಿದಿದೆ ಎಂದು ಕಿರಿಯರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಊರಿಗೆ ಬರೆದ ಪತ್ರಕ್ಕೆ ಹತ್ತು ಹನ್ನೆರಡು ದಿನ ಉತ್ತರ ಕಾದ ನಮಗೆ ಮೊಮ್ಮಗಳ ಮೊದಲ ಹೆಜ್ಜೆಯನ್ನು ಕಣ್ಣಾರೆ ನೋಡುವ ಭಾಗ್ಯ ಸಣ್ಣದಲ್ಲ. ಉತ್ತರ ಕ್ಯಾಲಿಫೋರ್ನಿಯದ ಕನ್ನಡಿಗರು ಕೂಟ ಕಟ್ಟಿಕೊಂಡು, ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿರುವುದೂ ನಮಗೆ ಹೆಮ್ಮೆಯ ವಿಷಯವೇ. ನಾವು ಇಲ್ಲಿ ಮಾಡಿದ್ದನ್ನೇ ಅವರು ಅಲ್ಲಿ ಮಾಡುತ್ತಿದ್ದಾರೆ. ಆದರೆ ದನಿ ಮುಟ್ಟುವುದು ಬೇರೆ, ಕೈ ಮುಟ್ಟುವುದು ಬೇರೆ. ಯಂತ್ರ ಕೂಗಿನ ಅಳತೆಯನ್ನು ಭೂಮಿಯಷ್ಟು ಹಿಗ್ಗಿಸಿತು. ಓಡಿಬರುವ ಕಾಲಿನ ಅಳತೆಯನ್ನು ಅಷ್ಟು ಹಿಗ್ಗಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ ಬೇಕಾಗುವುದು ಮೂರನೆಯ ಮಹಡಿಯಿಂದ ಇಳಿದು ಬರುವ ಮನುಷ್ಯ.

ಆದುದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನಿಟ್ಟು ನನ್ನ ಮಾತನ್ನು ಮುಗಿಸುತ್ತೇನೆ. ಒಂದು, ಮಕ್ಕಳು ಹೊರದೇಶದಲ್ಲಿದ್ದು ಒಂಟಿಯಾಗಿ ಅಥವಾ ಇಬ್ಬರೇ ಇರುವ ಹಿರಿಯ ಸದಸ್ಯರ ಪಟ್ಟಿಯನ್ನು ಬಡಾವಣೆವಾರು ಸಿದ್ಧಪಡಿಸಿ, ಪ್ರತಿಯೊಂದು ಮನೆಗೂ ಅರ್ಧ ಗಂಟೆಯೊಳಗೆ ತಲುಪಬಲ್ಲ ಇಬ್ಬರನ್ನು ಗೊತ್ತುಮಾಡಬೇಕು. ಆ ಇಬ್ಬರು ಕನ್ನಡಿಗರೇ ಆಗಬೇಕೆಂಬ ಹಟ ಬೇಡ. ಎರಡು, ಉಯಿಲು, ಮುಖ್ತ್ಯಾರುನಾಮೆ, ಆಸ್ಪತ್ರೆಯ ಒಪ್ಪಿಗೆಪತ್ರ ಇವುಗಳ ವಿವರವನ್ನು ಸರಳ ಕನ್ನಡದಲ್ಲಿ ಅಚ್ಚುಹಾಕಿ, ಬಲ್ಲ ವಕೀಲರಿಂದ ತಿಂಗಳಿಗೊಮ್ಮೆ ತಿಳಿವಳಿಕೆ ಕೊಡಿಸಬೇಕು. ಮಗ ಬರುವವರೆಗೆ ವೈದ್ಯರು ಕಾಯುವಂತಾಗಬಾರದು. ಮೂರು, ನಾನು ತೀರಿಹೋದರೆ ಯಾರಿಗಾಗಿ ಎಷ್ಟು ಹೊತ್ತು ಕಾಯಬೇಕು, ಕಾಯಬೇಕೋ ಬೇಡವೋ, ಕ್ರಿಯೆಯನ್ನು ಮಗಳು ಮಾಡಬಹುದೋ ನೆರೆಯವನು ಮಾಡಬಹುದೋ ಎಂಬುದನ್ನು ನಾವು ಒಬ್ಬೊಬ್ಬರೂ ಬದುಕಿರುವಾಗಲೇ ಬರೆದಿಡಬೇಕು. ಹದಿನೇಳು ಗಂಟೆ ಆಕಾಶದಲ್ಲಿ ಕುಳಿತು, ತಡವಾಯಿತೇ ಎಂದು ತನ್ನನ್ನೇ ತಿನ್ನುವ ಮಗುವಿಗೆ, "ನೀನು ತಲುಪದಿದ್ದರೂ ನನಗೆ ಬೇಸರವಿಲ್ಲ" ಎಂದು ತಂದೆತಾಯಿ ಬರೆದಿಟ್ಟ ಒಂದು ಸಾಲು ದೊಡ್ಡ ಬಿಡುಗಡೆ. ನಾನು ನನ್ನ ಮಗಳಿಗೆ ಅದನ್ನು ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಅವಳಿಗೆ ಓದಲು ಬರುತ್ತದೆ.